ಕಾಂಡ್ಲಾ ವನ: ಬೆಳವಣಿಗೆಗೆ ಮಳೆಯೇ ಅಳತೆಗೋಲು

ಮ್ಯಾಂಗ್ರೋವ್ ಎಂದೂ ಪರಿಚಿತವಾಗಿರುವ ಕಾಂಡ್ಲಾ ಮರಗಳು ಅಳಿವೆಗಳ ಉಪ್ಪುನೀರನ್ನು ತಾಳಿಕೊಳ್ಳುತ್ತವೆ. ಆದರೆ ಅವುಗಳ ಬೆಳವಣಿಗೆಗೆ ಸಿಹಿನೀರು ಅಗತ್ಯ. ಮಳೆ ಹಾಗೂ ನದಿನೀರು ಮಣ್ಣಿನ ಲವಣಾಂಶವನ್ನು ತಗ್ಗಿಸಿದಾಗ ಚಿಗುರು ಹೆಚ್ಚುತ್ತದೆ, ಮರ ಎತ್ತರಕ್ಕೆ ಬೆಳೆಯುತ್ತದೆ. ಮಳೆ ಕಡಿಮೆಯಾದಲ್ಲಿ ಎಲೆಗಳು ಕಿರಿದಾಗಿ ದಪ್ಪವಾಗುತ್ತವೆ, ಮರ ಕುಬ್ಜವಾಗುತ್ತದೆ. ಕೊರೆಯುವ ಚಳಿಯನ್ನೂ ಇವು ಸಹಿಸಲಾರವು.

ಅಧಿಕ ಮಳೆ ಸುರಿಯುವ ಆಫ್ರಿಕಾದ ಗ್ಯಾಬೊನ್‌ನಲ್ಲಿ 60 ಮೀಟರ್ ಮೀರಿದ ಕಾಂಡ್ಲಾ ಮರಗಳಿದ್ದರೆ, ಒಣಹವೆಯ ಗುಜರಾತಿನ ಕಚ್ಛ್ ತೀರದಲ್ಲಿ ಬಹುಪಾಲು ಪೊದೆಗಳೇ ಕಾಣಸಿಗುತ್ತವೆ.

ಹವಾಮಾನದ ಏರುಪೇರು ಮಾರಕವೂ ಆಗಬಲ್ಲದು. ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ 2015-16ರಲ್ಲಿ ಸುಮಾರು 7,400 ಹೆಕ್ಟೇರ್ ಕಾಂಡ್ಲಾ ವನ ಎಲೆಯುದುರಿಸಿ ಒಣಗಿಹೋಯಿತು. ಎಲ್ ನಿನೊ ಪ್ರಭಾವದಿಂದ ಸಮುದ್ರಮಟ್ಟ ಸುಮಾರು 40 ಸೆಂಟಿಮೀಟರ್ ಇಳಿದು, ಬೇರುಗಳಿಗೆ ಉಬ್ಬರದ ನೀರೂ ತಲುಪದೇ ಹೋದದ್ದು ಇದಕ್ಕೆ ಮುಖ್ಯ ಕಾರಣ.