ಬಿಡಿಭಾಗಗಳ ಕ್ಯಾಟಲಾಗ್ ಮತ್ತು ಬಿಒಎಂ: ಕೋಲಾರದ ಕಾರ್ಖಾನೆಗಳ ಅಡಿಪಾಯ

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 75ರ ಬದಿಯ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ 2013ರಲ್ಲಿ ಶುರುವಾಯಿತು. ಅಲ್ಲಿಯೇ ವಿಸ್ಟ್ರಾನ್ ಕಟ್ಟಿದ ಐಫೋನ್ ಜೋಡಣಾ ಘಟಕ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಪಾಲಾಯಿತು. ಕೆಜಿಎಫ್‌ನಲ್ಲಿ ಬಿಇಎಂಎಲ್ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳನ್ನು ತಯಾರಿಸುತ್ತದೆ. ಸ್ಕೂಟರ್ ಇರಲಿ, ಫೋನ್ ಇರಲಿ, ಬುಲ್ಡೋಜರ್ ಇರಲಿ, ಇಂಥ ತಯಾರಿಕೆಗೆಲ್ಲ ಎರಡು ದಾಖಲೆಗಳು ಬೇಕೇಬೇಕು.

ಎರಡು ದಾಖಲೆ, ಎರಡು ಕೆಲಸ

ಕ್ಯಾಟಲಾಗ್ ಭಾಗವನ್ನು ಗುರುತಿಸುತ್ತದೆ: ಪಾರ್ಟ್ ನಂಬರ್, ಹೆಸರು, ಡ್ರಾಯಿಂಗ್, ಲೋಹ, ಅಳತೆಯ ಮಾನ, ಪೂರೈಕೆದಾರ, ಜಿಎಸ್‌ಟಿಗೆ ಬೇಕಾದ ಎಚ್‌ಎಸ್‌ಎನ್ ಕೋಡ್. ಬಿಲ್ ಆಫ್ ಮೆಟೀರಿಯಲ್ಸ್, ಅಂದರೆ ಬಿಒಎಂ, ಯಾವ ಜೋಡಣೆಗೆ ಯಾವ ಭಾಗ ಎಷ್ಟು ಬೇಕೆಂದು ಹೇಳುತ್ತದೆ. ವಾಹನದ ಕೆಳಗೆ ಎಂಜಿನ್, ಅದರ ಕೆಳಗೆ ಪಿಸ್ಟನ್, ಪಿಸ್ಟನ್ ಕೆಳಗೆ ರಿಂಗ್ ಎಂದು ಪಟ್ಟಿ ಹಂತಹಂತವಾಗಿ ಇಳಿಯುತ್ತದೆ.

ವಿನ್ಯಾಸ ವಿಭಾಗದ ಬಿಒಎಂಗೂ ಉತ್ಪಾದನೆಯ ಬಿಒಎಂಗೂ ವ್ಯತ್ಯಾಸವಿದೆ. ಗ್ರೀಸು, ಬಣ್ಣ, ಪ್ಯಾಕಿಂಗ್ ಪೆಟ್ಟಿಗೆ ಸಾಮಾನ್ಯವಾಗಿ ಎರಡನೆಯದರಲ್ಲಿ ಸೇರುತ್ತವೆ.

ಬೇಡಿಕೆಯ ಲೆಕ್ಕ

ಉದಾಹರಣೆಗೆ, 500 ವಾಹನಗಳ ಆರ್ಡರ್ ಬಂದಿದೆ ಎನ್ನೋಣ. ವಾಹನಕ್ಕೆ 2 ಚಕ್ರ, ಚಕ್ರಕ್ಕೆ 4 ನಟ್ಟು ಎಂದರೆ ಒಟ್ಟು 4,000 ನಟ್ಟು. ಸ್ಟೋರ್ಸ್‌ನಲ್ಲಿ 1,200 ಇದ್ದರೆ 2,800 ತರಿಸಬೇಕು. ಈ ಕ್ರಮವನ್ನು ಜೋಸೆಫ್ ಆರ್ಲಿಕಿ 1975ರ ತಮ್ಮ ಪುಸ್ತಕದಲ್ಲಿ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್) ಹೆಸರಿನಲ್ಲಿ ವಿವರಿಸಿದರು. ಇಂದಿನ ಇಆರ್‌ಪಿ ತಂತ್ರಾಂಶಗಳು ಇದನ್ನೇ ಮಾಡುತ್ತವೆ. ಬಿಒಎಂನಲ್ಲಿ 4ರ ಜಾಗಕ್ಕೆ 3 ಬಿದ್ದರೆ ಆರ್ಡರಿಗೆ 1,000 ನಟ್ಟು ಕೊರತೆಯಾಗಿ ಲೈನ್ ನಿಲ್ಲುತ್ತದೆ.

ಬದಲಾವಣೆ ಬಂದಾಗ

2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಕಡ್ಡಾಯವಾಯಿತು. ಹೋಂಡಾ ಆಕ್ಟಿವಾ 5ಜಿಯಲ್ಲಿದ್ದ ಕಾರ್ಬುರೇಟರ್ ಹೋಗಿ, 6ಜಿಯಲ್ಲಿ ಫ್ಯುಯೆಲ್ ಇಂಜೆಕ್ಷನ್ ಬಂತು. ಇಂಥ ಸಂದರ್ಭದಲ್ಲಿ ಹಳೆಯ ಬಿಒಎಂ ಅಳಿಸುವಂತಿಲ್ಲ. ಯಾವ ದಿನಾಂಕದಿಂದ ಅಥವಾ ಯಾವ ಛಾಸಿ ನಂಬರಿನಿಂದ ಹೊಸದು ಜಾರಿ ಎಂದು ದಾಖಲಿಸಬೇಕು.

ಇಲ್ಲೊಂದು ನಿಯಮವಿದೆ. ಹೊಸ ಭಾಗ ಹಳೆಯದರ ಜಾಗದಲ್ಲಿ ಕೂರುವಂತಿದ್ದು, ಹಳೆಯದೂ ಹೊಸದರ ಜಾಗದಲ್ಲಿ ಅಷ್ಟೇ ಸರಿಯಾಗಿ ಕೆಲಸ ಮಾಡಿದರೆ ರಿವಿಷನ್ ಬದಲಿಸಿದರೆ ಸಾಕು. ಇಲ್ಲದಿದ್ದರೆ ಹೊಸ ಪಾರ್ಟ್ ನಂಬರ್ ಕೊಡಲೇಬೇಕು.

ಸಣ್ಣ ಘಟಕಗಳಿಗೆ

ಮಾಲೂರು ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದಕ್ಕೆ ದುಬಾರಿ ತಂತ್ರಾಂಶವಿಲ್ಲದೆಯೂ ಈ ಶಿಸ್ತು ಸಾಧ್ಯ. ಎಕ್ಸೆಲ್ ಹಾಳೆಯೂ ಸಾಕು. ಆದರೆ ಅದನ್ನು ತಿದ್ದುವ ಅಧಿಕಾರ ಒಬ್ಬರಿಗೇ ಇರಲಿ. ಒಂದೇ ಬೋಲ್ಟ್ ಎರಡು ಹೆಸರಿನಲ್ಲಿ ದಾಖಲಾದರೆ ಒಂದು ಕಡೆ ದಾಸ್ತಾನು ಕೊಳೆಯುತ್ತಿರುವಾಗಲೇ ಇನ್ನೊಂದು ಕಡೆ ಖರೀದಿ ನಡೆಯುತ್ತದೆ. ಗ್ರಾಹಕ ಕಂಪನಿಯ ಪಾರ್ಟ್ ನಂಬರನ್ನು ತಮ್ಮ ನಂಬರಿನ ಪಕ್ಕದಲ್ಲೇ ಬರೆದಿಡಬೇಕು. ಹಳೆಯ ಡ್ರಾಯಿಂಗ್‌ಗಳನ್ನು ಮೆಷಿನ್ ಬಳಿಯಿಂದ ಹಿಂದಕ್ಕೆ ಪಡೆಯಬೇಕು.

ಮಾರಾಟದ ನಂತರ

ಮಾವಿಗೆ ಹೆಸರಾದ ಶ್ರೀನಿವಾಸಪುರದಲ್ಲಿ ಕೊಯ್ಲಿನ ಹೊತ್ತಿಗೆ ಟೆಂಪೊ ಕೆಟ್ಟು ನಿಂತರೆ ಕಾಯಲು ಸಮಯವಿರುವುದಿಲ್ಲ. ಸ್ಪೇರ್ ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಭಾಗಗಳನ್ನು ಬಿಡಿಸಿ ತೋರಿಸುವ ಚಿತ್ರ ಇರುತ್ತದೆ. ಮೆಕ್ಯಾನಿಕ್ ಅದರಿಂದ ಸರಿಯಾದ ನಂಬರ್ ಹಿಡಿಯುತ್ತಾರೆ. ಗಣಿಗಳಲ್ಲಿ ವರ್ಷಗಟ್ಟಲೆ ದುಡಿಯುವ ಬುಲ್ಡೋಜರಿಗೂ ಇದೇ ಆಧಾರ. ತಯಾರಕರು ಕ್ಯಾಟಲಾಗನ್ನು ಉತ್ಪಾದನೆ ಮುಗಿಯುವ ತನಕವಲ್ಲ, ಯಂತ್ರ ಓಡುವಷ್ಟು ಕಾಲವೂ ಸರಿಯಾಗಿ ಕಾಯ್ದಿಡಬೇಕು. ಅದು ಕೊಂಡವರ ಬಗ್ಗೆ ಅವರಿಗಿರುವ ಹೊಣೆ.