ಬದಖ್ಶಾನ್: ಕಲ್ಲು ದಾಟಿತು, ಜನ ದಾಟಲಿಲ್ಲ

ಅಫಘಾನಿಸ್ತಾನದ ಭೂಪಟದ ಈಶಾನ್ಯ ಮೂಲೆಯಲ್ಲಿ ಚೀನಾದ ಕಡೆಗೆ ಬೆರಳಿನಂತೆ ಚಾಚಿದ ಒಂದು ಕಿರುಭೂಭಾಗವನ್ನು ನಾವು ಕಾಣುತ್ತೇವೆ. ಅದು ಬದಖ್ಶಾನ್ ಪ್ರಾಂತ್ಯಕ್ಕೆ ಸೇರಿದ ವಖಾನ್. ಹಿಂದೂಕುಶ್ ಮತ್ತು ಪಾಮೀರ್ ಪರ್ವತಗಳ ನಡುವಿನ ಬದಖ್ಶಾನ್ ನಾಡು ಇಂದು ಅಫಘಾನಿಸ್ತಾನ ಮತ್ತು ತಾಜಿಕಿಸ್ತಾನಗಳ ನಡುವೆ ಹಂಚಿಹೋಗಿದೆ. ಪಂಜ್ ನದಿಯೇ ಅವುಗಳ ಗಡಿ. ಇದೇ ನದಿ ಮುಂದೆ ವಖ್ಶ್ ನದಿಯನ್ನು ಕೂಡಿ ಅಮು ದರಿಯಾ ಎನಿಸುತ್ತದೆ. ಅರಬ್ ಭೂಗೋಳಜ್ಞರು ಇದನ್ನು ಜೈಹೂನ್ ಎಂದು ಕರೆದಿದ್ದರು.

ಈ ನಾಡನ್ನು ಜಗತ್ತು ಅರಿತದ್ದು ಅದರ ಕಲ್ಲುಗಳಿಂದ. ಕೋಕ್ಚಾ ಕಣಿವೆಯ ಸರ್-ಎ-ಸಂಗ್ ಗಣಿಗಳ ಲಾಜವರ್ದ್ ಎಂಬ ಕಡುನೀಲಿ ಶಿಲೆ ಸಾವಿರಾರು ವರ್ಷಗಳ ಹಿಂದೆಯೇ ಮೆಸಪೊಟೇಮಿಯ ಮತ್ತು ಈಜಿಪ್ಟ್‌ಗಳನ್ನು ತಲುಪಿತ್ತು. ಮುಂದೆ ಯುರೋಪಿನ ಚಿತ್ರಕಾರರು ಇದನ್ನೇ ಅರೆದು ನೀಲಿ ಬಣ್ಣ ಮಾಡಿಕೊಂಡರು. ಪಂಜ್ ನದಿಯ ಬಲದಂಡೆಯ ಕೂಹ್-ಎ-ಲಾಲ್ ಗಣಿಗಳ ಕೆಂಪು ಹರಳುಗಳ ಮೇಲೆ ಮೊಗಲ್ ದೊರೆಗಳು ತಮ್ಮ ಹೆಸರು ಕೆತ್ತಿಸಿಕೊಂಡರು. ಬಹುಕಾಲ ಮಾಣಿಕ್ಯವೆಂದೇ ಭಾವಿಸಲಾಗಿದ್ದ ಆ ಹರಳು ವಾಸ್ತವದಲ್ಲಿ ಸ್ಪಿನೆಲ್ ಎಂಬ ಬೇರೆಯೇ ಖನಿಜ.

ಕಲ್ಲುಗಳನ್ನು ಹೊರಗೆ ಕಳುಹಿಸಿದ ಈ ಬೆಟ್ಟಗಳು ಮನುಷ್ಯರಿಗೆ ಆಶ್ರಯವನ್ನೂ ನೀಡಿದವು. ಹಜ್ಜ್ ಯಾತ್ರೆ ಕೈಗೊಂಡು ‘ಸಫರ್‌ನಾಮಾ’ ರಚಿಸಿದ ಹನ್ನೊಂದನೆಯ ಶತಮಾನದ ಕವಿ ನಾಸಿರ್ ಖುಸ್ರೌ, ವಿರೋಧಿಗಳಿಂದ ಪಾರಾಗಿ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಇಲ್ಲಿನ ಯುಮ್ಗಾನ್ ಕಣಿವೆಯಲ್ಲಿ.

ಆಗ ನದಿ ಗಡಿಯಾಗಿರಲಿಲ್ಲ. ಶುಗ್ನಾನ್, ವಖಾನ್ ಮುಂತಾದ ಸಂಸ್ಥಾನಗಳು ಎರಡೂ ದಂಡೆಗಳಲ್ಲಿ ಹರಡಿಕೊಂಡಿದ್ದವು. 1873 ಮತ್ತು 1895ರಲ್ಲಿ ಬ್ರಿಟನ್ ಮತ್ತು ರಷ್ಯಾ ತಮ್ಮ ಸಾಮ್ರಾಜ್ಯಗಳು ಒಂದನ್ನೊಂದು ತಾಗದಂತೆ ಗಡಿ ಗೊತ್ತುಪಡಿಸಿಕೊಂಡವು. ಸೋವಿಯತ್ ಆಡಳಿತದಲ್ಲಿ ಆ ಗಡಿ ಬಿಗಿಯಾಗಿ ಮುಚ್ಚಿತು. ಎದುರು ದಂಡೆಯ ಬಂಧುಗಳ ಮನೆಯ ಹೊಗೆ ಕಂಡರೂ ಅಲ್ಲಿಗೆ ಹೋಗುವಂತಿರಲಿಲ್ಲ. ಖೋರೋಗ್ ಪಟ್ಟಣದ ಬಳಿ ಸೇತುವೆ ತೆರೆದದ್ದು 2002ರಲ್ಲಿ.

ಯುದ್ಧದ ದಶಕಗಳಲ್ಲಿ ಗಣಿಗಳ ಆದಾಯ ಶಸ್ತ್ರಧಾರಿ ಗುಂಪುಗಳ ಪಾಲಾಯಿತು. ಅದೇ 2002ರಲ್ಲಿ ನಡೆದ ಅಧ್ಯಯನವೊಂದು ಬದಖ್ಶಾನಿನ ರಾಘ್ ಜಿಲ್ಲೆಯಲ್ಲಿ ಪ್ರತಿ ಒಂದು ಲಕ್ಷ ಜನನಗಳಿಗೆ ಸುಮಾರು 6,500 ತಾಯಂದಿರು ಸಾಯುತ್ತಿದ್ದುದನ್ನು ದಾಖಲಿಸಿತು. ದೊರೆಗಳ ಕಿರೀಟಕ್ಕೆ ಹರಳು ಸಾಗಿಸಿದ ದಾರಿಗಳಲ್ಲಿ ಗರ್ಭಿಣಿಯೊಬ್ಬಳು ಆಸ್ಪತ್ರೆ ತಲುಪಲಾಗಲಿಲ್ಲ.

ಕುಟುಂಬ ಸಂಬಂಧವನ್ನು ಕಡಿಯಬಾರದೆಂದೂ ನೆಲದೊಳಗಿನ ಸಂಪತ್ತು ನಮಗೆ ವಹಿಸಲಾದ ಅಮಾನತ್ತೆಂದೂ ನಂಬುವ ನಾವು ಈ ಇತಿಹಾಸವನ್ನು ಬರೀ ದೂರದ ನಾಡಿನ ಕಥೆಯೆಂದು ಓದಿ ಮರೆಯಬಾರದು. ಒಂದು ನಾಡಿನ ಸಿರಿಯನ್ನು ಅದರ ಗಣಿಗಳಿಂದ ಅಳೆಯಬೇಕೋ, ಅಲ್ಲಿ ಬದುಕುಳಿದ ತಾಯಂದಿರಿಂದ ಅಳೆಯಬೇಕೋ ಎಂಬ ಪ್ರಶ್ನೆಯನ್ನು ಬದಖ್ಶಾನ್ ನಮ್ಮ ಮುಂದಿಡುತ್ತದೆ.