ಓಬವ್ವನ ಕಿಂಡಿ ತನಕ ಒಂದು ನಡಿಗಿ

ನಮ್ಮ ಕುಲಗೋಡದಿಂದ ಚಿತ್ರದುರ್ಗ ಸಮೀಪ ಏನಲ್ಲರಿ. ಯರಗಟ್ಟಿ, ಸವದತ್ತಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರಿ ದಾಟಿ ಹೋಗಬೇಕು. ಆದ್ರೂ ನಮ್ಮ ವಾರಿಗಿ ಹೆಣ್ಮಕ್ಕಳಿಗೆ ಆ ಕೋಟಿ ಹೋಗೂಕಿಂತ ಮೊದಲ ಗುರ್ತು ಇರತೈತಿ. ಯಾಕಂದ್ರ ‘ನಾಗರಹಾವು’ ಸಿನಿಮಾ ನೋಡಲಾರದವ್ರು ನಮ್ಮೊಳಗ ಯಾರದಾರ ಹೇಳ್ರಿ?

ಅದು 1972ರ ಸಿನಿಮಾ. ತ.ರಾ.ಸು. ಅವರ ಮೂರು ಕಾದಂಬರಿ ಕೂಡಿಸಿ ಪುಟ್ಟಣ್ಣ ಕಣಗಾಲ ತಗದದ್ದು. ವಿಷ್ಣುವರ್ಧನ ರಾಮಾಚಾರಿ, ಅಶ್ವಥ್ ಚಾಮಯ್ಯ ಮೇಷ್ಟ್ರು. ಅದರಾಗ ಒಂದ ಒಂದು ಹಾಡಿನೊಳಗ ಜಯಂತಿ ಒನಕಿ ಓಬವ್ವ ಆಗಿ ಬರ್ತಾರ. ಹಾಡು ಮುಗಿಯೂದ್ರಾಗ ಆಕಿ ಕಥೀನೂ ಮುಗೀತೈತಿ. ಆದ್ರ ಓಬವ್ವ ಅಂದಕೂಡ್ಲೆ ಇವತ್ತಿಗೂ ನಮ್ಮ ಕಣ್ಣಮುಂದ ಬರೂದು ಕಚ್ಚಿ ಹಾಕಿ ಒನಕಿ ಎತ್ತಿದ ಆ ಜಯಂತಿನ.

ನಾವು ಮನಿ ಹೆಣ್ಮಕ್ಕಳು ಐದಾರು ಮಂದಿ ಮುಂಜಾನಿ ಬಿಸಲು ಏರೂಕಿಂತ ಮೊದಲ ಕೋಟಿ ಹತ್ತಿದ್ವಿ. ಹತ್ತೂದು ಅಂದ್ರ ಗಾಬರಿ ಆಗಬ್ಯಾಡ್ರಿ. ಕಲ್ಲು ಹಾಸಿದ ದಾರಿ, ನಡುವ ನಡುವ ಮೆಟ್ಟಲ. ಮೊಣಕಾಲು ನೋವಿನ ನಮ್ಮ ಅತ್ತಿನೂ ಕೂತು ಎದ್ದು, ಕೂತು ಎದ್ದು ಬಂದ್ರು. ಅದು ಏಳು ಸುತ್ತಿನ ಕೋಟಿ. ಒಟ್ಟು 19 ಅಗಸಿ ಅದಾವ ಅಂತಾರ. ಒಂದು ಅಗಸಿ ದಾಟಿದ್ರ ಮುಂದಿನದು ನೆಟ್ಟಗ ಕಾಣಂಗಿಲ್ಲ, ದಾರಿ ಹೊಳ್ಳತೈತಿ. ವೈರಿ ಒಮ್ಮೆಲೆ ನುಗ್ಗಬಾರ್ದು ಅಂತ ಹಂಗ ಕಟ್ಯಾರ. ಎರಡೂ ಬಾಜೂಕ ಮನಿಗಿಂತ ದೊಡ್ಡ ದೊಡ್ಡ ಬಂಡಿಗಲ್ಲು. ಗ್ವಾಡಿ ಎಲ್ಲಿ ಮುಗೀತು, ಗುಡ್ಡ ಎಲ್ಲಿ ಸುರು ಆತು ತಿಳಿಯಂಗಿಲ್ಲ.

ಸಿನಿಮಾದಾಗ ನೋಡಿದ್ದಕ್ಕ ಕಿಂಡಿ ದೊಡ್ಡದಿರಬೇಕು ಅಂತ ನಮ್ಮ ಲೆಕ್ಕ ಇತ್ತು. ಎದುರಿಗೆ ನಿಂತ್ರ ಬಂಡಿಗಲ್ಲಿನ ಸಂದ್ಯಾಗ ಸಣ್ಣ ಗಂಡಿ, ಅಷ್ಟ. ಒಬ್ಬರು ಬಗ್ಗಿ ಮೈ ಹಿಡ್ಕೊಂಡು ತೂರಬೇಕು. ಅಲ್ಲೇ ಹತ್ರ ತಣ್ಣೀರು ದೋಣಿ ಅಂತ ನೀರಿನ ತಾಣ ಐತಿ, ಅದರಾಗಿನ ನೀರು ಯಾವಾಗ್ಲೂ ತಣ್ಣಗ. ಅಲ್ಲಿ ನಿಂತ ಮ್ಯಾಲ ಕಥಿ ಬ್ಯಾರೆ ಥರ ತಿಳೀತು ನೋಡ್ರಿ. ಕಾವಲಗಾರ ಕಹಳೆ ಮುದ್ದಹನುಮ ಊಟಕ್ಕ ಮನಿಗೆ ಬಂದಾನ. ಕುಡಿಯೂ ನೀರು ತೀರೈತಿ. ನೀರು ತರಾಕ ಅಂತ ಓಬವ್ವ ಹೊಂಟಾಳ. ಕಿಂಡಿ ಒಳಗ ಹೈದರಾಲಿ ಮಂದಿ ತೆವಳಿ ಬರೂದು ಕಂಡೈತಿ. ಉಣ್ಣೂ ಗಂಡನ್ನ ಎಬ್ಬಸಲಿಲ್ಲ, ಒನಕಿ ತಗೊಂಡು ಬಂದು ನಿಂತ್ಲು. ತಲಿ ಹೊರಗ ಬಂದಂಗ ಒಂದು ಏಟು, ಎಳದು ಬಾಜೂಕ. ಒಬ್ಬೊಬ್ಬರ ಬರೂವಂಥಾ ಗಂಡಿ ಇದ್ದದ್ದಕ್ಕ ಒಬ್ಬಾಕಿ ಕೈಲೆ ಅದು ಆತು.

ನಮ್ಮ ಬೆಳಗಾವಿ ಜಿಲ್ಲಾದಾಗ ಕಿತ್ತೂರ ಚೆನ್ನಮ್ಮ, ಬೆಳವಡಿ ಮಲ್ಲಮ್ಮ ಅದಾರ. ಅವರು ರಾಣಿಯರು. 1824ರಾಗ ಚೆನ್ನಮ್ಮ ಯುದ್ಧ ಮಾಡಿದ್ದನ್ನ ಇಂಗ್ರೇಜರು ತಾವ ಬರದಿಟ್ರು. ಓಬವ್ವ ಹಂಗಲ್ಲ. ಆಕಿಗೆ ಕುದರಿ ಇರಲಿಲ್ಲ, ಕತ್ತಿ ಇರಲಿಲ್ಲ, ಪತ್ರ ಬರಿಯೂ ದಿವಾನರು ಇರಲಿಲ್ಲ. ಆಕಿ ಕಥಿ ಉಳದದ್ದು ದುರ್ಗದ ಮಂದಿ ಬಾಯಾಗ. 1779ರಾಗ ಕೋಟಿ ಹೈದರಾಲಿ ಕೈಸೇರ್ತು, ಕಡೀ ಮದಕರಿ ನಾಯಕ ಸೆರಿ ಆದ. ರಾಜ್ಯ ಹೋತು, ಕಿಂಡಿಗೆ ಮಾತ್ರ ಆಕಿ ಹೆಸರು ಉಳೀತು. ಊರ ಮಂದಿ ಒಂದು ಗಂಡೀಗೆ ಹೆಂಗಸಿನ ಹೆಸರಿಟ್ಟು ಕರಕೋತ ಬಂದದ್ದೂ ಒಂದು ಇತಿಹಾಸನ ಅಲ್ಲೇನ್ರಿ?

ಆ ಹೆಸರನ್ನ ದುರ್ಗ ದಾಟಿಸಿ ನಮ್ಮಂಥಾ ದೂರದ ಹಳ್ಳಿ ಮನಿ ತನಕ ತಂದದ್ದು ಸಿನಿಮಾ. ಈಗ ದುರ್ಗದಾಗ ಆಕಿ ಹೆಸರಿನ ಕ್ರೀಡಾಂಗಣ ಐತಿ, ಮೂರ್ತಿ ಐತಿ. 2021ರಿಂದ ನವೆಂಬರ 11ಕ್ಕ ಸರಕಾರನ ಓಬವ್ವ ಜಯಂತಿ ಮಾಡತೈತಿ. ಸಿನಿಮಾದವ್ರು ಮುಖ ಕೊಟ್ರು, ಆದ್ರ ಹೆಸರು ಕಾದಿಟ್ಟವ್ರು ಸಿನಿಮಾ ಬರೂ ಮೊದಲಿನ ಇನ್ನೂರು ವರ್ಷದ ಅಜ್ಜಿ-ಅಮ್ಮಂದಿರು. ಇದನ್ನ ಮರೀಬಾರ್ದು.

ನಮ್ಮ ಜೋಡಿ ಬಂದಿದ್ದ ಕಾಲೇಜ ಹುಡುಗಿ ಕಿಂಡಿ ಮುಂದ ಕೇಳಿದ್ಲು, “ಚಿಗವ್ವಾ, ಒನಕಿ ಖರೇನ ಅಷ್ಟು ಭಾರ ಇರತೈತೇನು?” ಆಕಿ ಒನಕಿ ಮುಟ್ಟೇ ಇಲ್ಲ. ತುದಿಗೆ ಕಬ್ಬಿಣದ ಬಳಿ ಹಾಕಿದ ಗಟ್ಟಿ ಕಟಗಿ ಅದು. ಖಾರ ಕುಟ್ಟಾಕ, ಅವಲಕ್ಕಿ ಕುಟ್ಟಾಕ ನಮ್ಮವ್ವಗಳು ದಿನಾ ಎತ್ತಿ ಎತ್ತಿ ಹಾಕ್ತಿದ್ರು. ಓಬವ್ವನ ತೋಳಿಗೆ ಆ ಬಲ ಯುದ್ಧದ ತಾಲೀಮಿನಿಂದ ಬಂದದ್ದಲ್ಲ, ದಿನದ ಮನಿಗೆಲಸದಿಂದ ಬಂದದ್ದು ಅಂತ ನಾನು ಆಕಿಗೆ ಹೇಳಿದೆ.

ನೀವೂ ಹೋಗಿ ಬರ್ರಿ. ಚಳಿಗಾಲದಾಗ, ಮುಂಜಾನಿ ಹೊತ್ತಿಗೆ ಹತ್ರಿ. ನೀರಿನ ಬಾಟ್ಲಿ ಇರ್ಲಿ, ಮಂಗ್ಯಾ ಭಾಳ ಅದಾವ, ಬುತ್ತಿ ಗಂಟು ಬಿಗಿ ಹಿಡೀರಿ. ಮನ್ಯಾಗ ಅಟ್ಟದ ಮ್ಯಾಲ ಹಳೇ ಒನಕಿ ಬಿದ್ದಿದ್ರ ಒಲಿಗೆ ಹಾಕಬ್ಯಾಡ್ರಿ. ಮಕ್ಕಳ ಕೈಯಾಗ ಒಮ್ಮೆ ಎತ್ತಸ್ರಿ.